ಗಿನಿಪಿಗ್ ಕುಂಟುತ್ತಿದೆಯಾ? ಕಾಲಿನ ಜೊತೆ ಬಾಯನ್ನೂ ನೋಡಿ

ಮೊಲದ ಜೊತೆ ನಾಲ್ಕಾರು ಗಿನಿಪಿಗ್ ಸಾಕುವವರು ನಮ್ಮ ನಡುವೆಯೂ ಇದ್ದಾರೆ. ಕೆಲವರು ಮಾರೋದಕ್ಕೆ, ಕೆಲವರು ಮನೆ ಮಕ್ಕಳ ಖುಷಿಗೆ. ರಾತ್ರಿ ಚೆನ್ನಾಗಿಯೇ ಇದ್ದ ಪ್ರಾಣಿ ಬೆಳಿಗ್ಗೆ ಹಿಂಗಾಲು ಎಳೀತಾ ಮೂಲೆ ಸೇರಿದ್ದರೆ ಏನು ಮಾಡಬೇಕು? ಈ ವಾರ ಅದನ್ನೇ ನೋಡೋಣ.

ಇಂಥ ಹೊತ್ತಲ್ಲಿ ಎಲ್ಲರ ಕಣ್ಣೂ ಕಾಲಿನ ಮೇಲೆ ಇರುತ್ತದೆ. ಆದರೆ ಗಿನಿಪಿಗ್ ಜೀವಕ್ಕೆ ಬೇಗ ಅಪಾಯ ತರೋದು ನೋವಿನಿಂದ ಮೇವು ಬಿಡೋದು. ಅದರ ಕರುಳಿಗೆ ನಾರಿನ ಮೇವು ಸದಾ ಹೋಗ್ತಾ ಇರಬೇಕು. ಅರ್ಧ ದಿನ ಏನೂ ತಿನ್ನದಿದ್ದರೆ ಕರುಳಿನ ಚಲನೆ ನಿಧಾನವಾಗಿ ಹಿಕ್ಕೆ ಕಡಿಮೆಯಾಗುತ್ತದೆ. ಒಂದು ದಿನ ದಾಟಿದರೆ ಉಳಿಸೋದು ಕಷ್ಟ.

ಮೊದಲ ಒಂದು ಗಂಟೆ

ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಇಟ್ಟು ಮೆಲ್ಲಗೆ ಎತ್ತಿ. ಟವೆಲ್ ಹಾಸಿದ ಚಿಕ್ಕ ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿ. ಆಮೇಲೆ ಕಾಲನ್ನು ಎಳೆಯದೆ, ತಿರುಚದೆ ನೋಡಿ:

- ಗೋಣಿಚೀಲದ ದಾರ ಅಥವಾ ಕೂದಲು ಸುತ್ತಿಕೊಂಡಿದೆಯೇ? ಚಿಕ್ಕ ಕತ್ತರಿಯಿಂದ ಜೋಪಾನವಾಗಿ ಬಿಡಿಸಿ.
- ಉಗುರು ಕಿತ್ತು ರಕ್ತ ಬರುತ್ತಿದೆಯೇ? ಶುದ್ಧ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿಯಿರಿ.
- ಕಾಲು ಜೋತಾಡುತ್ತಿದೆಯೇ, ಮೂಳೆ ಕಾಣುತ್ತಿದೆಯೇ, ಪಾದ ತಣ್ಣಗಾಗಿದೆಯೇ, ಎರಡೂ ಹಿಂಗಾಲು ಸತ್ತಂತಿವೆಯೇ? ಕಾಯಬೇಡಿ, ಆಗಲೇ ಡಾಕ್ಟರ ಹತ್ತಿರ ಹೊರಡಿ.

ಮನೆಯಲ್ಲೇ ಕಡ್ಡಿ ಕಟ್ಟೋದು, ಬಿಗಿಯಾಗಿ ಬಟ್ಟೆ ಸುತ್ತೋದು ಬೇಡ. ರಕ್ತ ಸಂಚಾರ ನಿಲ್ಲುತ್ತದೆ, ಪ್ರಾಣಿ ಅದನ್ನು ಕಡಿದೂ ಹಾಕುತ್ತದೆ. ತೆರೆದ ಗಾಯಕ್ಕೆ ಅರಿಶಿನ, ಸುಣ್ಣ ಮೆತ್ತಬೇಡಿ.

ಔಷಧಿ ವಿಷಯದಲ್ಲಿ ಹುಷಾರು

ನಮ್ಮ ನೋವಿನ ಮಾತ್ರೆ ಕೊಡಬೇಡಿ. ಹಸುವಿಗೆ ತಂದು ಉಳಿದ ಆ್ಯಂಟಿಬಯೋಟಿಕ್ ಅಂತೂ ಬೇಡವೇ ಬೇಡ. ಪೆನಿಸಿಲಿನ್, ಆ್ಯಂಪಿಸಿಲಿನ್, ಅಮಾಕ್ಸಿಸಿಲಿನ್ ಗುಂಪಿನ ಔಷಧಿಗಳು ಗಿನಿಪಿಗ್ ಹೊಟ್ಟೆಯ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು, ಪ್ರಾಣಿಯನ್ನೇ ಕೊಲ್ಲಬಹುದು. ನೋವಿನ ಔಷಧಿ ಬೇಕೇ ಬೇಕು, ಆದರೆ ಅದನ್ನು ಡಾಕ್ಟರು ತೂಕ ನೋಡಿ ಕೊಡಬೇಕು.

ಪೆಟ್ಟು ಬಿದ್ದಿಲ್ಲ, ಆದರೂ ಕುಂಟುತ್ತಿದೆ?

ಹಾಗಿದ್ದರೆ ಮೇವಿನ ತಟ್ಟೆ ನೋಡಿ. ಮೊಲದ ದೇಹ ತನಗೆ ಬೇಕಾದ ವಿಟಮಿನ್ ಸಿ ತಾನೇ ತಯಾರಿಸಿಕೊಳ್ಳುತ್ತದೆ. ಗಿನಿಪಿಗ್‌ಗೆ ನಮ್ಮ ಹಾಗೆಯೇ ಅದು ಸಾಧ್ಯವಿಲ್ಲ. ಹಾಗಾಗಿ ಮೊಲದ ಪೆಲೆಟ್ ನಂಬಿ ಸಾಕಿದರೆ ಎರಡು ಮೂರು ವಾರದಲ್ಲೇ ಕೊರತೆ ಕಾಣಿಸಬಹುದು. ಕೀಲು ಊದುತ್ತದೆ, ಮುಟ್ಟಿದರೆ ಕೂಗುತ್ತದೆ, ನಡೆಯಲು ಹಿಂಜರಿಯುತ್ತದೆ. ನೋಡುವವರಿಗೆ ಇದು ದಿಢೀರ್ ಪೆಟ್ಟಿನಂತೆಯೇ ಕಾಣುತ್ತದೆ.

ಒಂದು ಕೆಜಿ ತೂಕದ ಆರೋಗ್ಯವಂತ ಗಿನಿಪಿಗ್‌ಗೆ ದಿನಕ್ಕೆ 10ರಿಂದ 20 ಮಿ.ಗ್ರಾಂ ವಿಟಮಿನ್ ಸಿ ಬೇಕು. ಗಬ್ಬದ ಅಥವಾ ಕಾಯಿಲೆಯ ಪ್ರಾಣಿಗೆ 30 ಮಿ.ಗ್ರಾಂ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. 100 ಗ್ರಾಂ ಹಸಿರು ಕ್ಯಾಪ್ಸಿಕಂನಲ್ಲಿ ಸುಮಾರು 80 ಮಿ.ಗ್ರಾಂ ಇರುತ್ತದೆ. ಅಂದರೆ ದಿನಕ್ಕೆ 25 ಗ್ರಾಂ ಹೋಳು ಸಾಕು. ಸೀಬೆಯಲ್ಲಿ ಇನ್ನೂ ಜಾಸ್ತಿ ಇದೆ, ಆದರೆ ಸಿಹಿ ಇರೋದರಿಂದ ಚಿಕ್ಕ ತುಂಡು ಮಾತ್ರ ಕೊಡಿ. ನೀರಿಗೆ ಬೆರೆಸಿದ ವಿಟಮಿನ್ ಬೇಗ ಹಾಳಾಗುತ್ತದೆ, ಅದನ್ನು ನಂಬಬೇಡಿ. ಸೊಪ್ಪು, ತರಕಾರಿ ಏನೇ ಕೊಟ್ಟರೂ ಔಷಧಿ ಹೊಡೆಯದ ತಾಕಿನದ್ದೇ ಇರಲಿ.

ಆರೈಕೆಯ ದಿನಗಳು

ಗೂಡು ಚಿಕ್ಕದಿರಲಿ, ಒಂದೇ ನೆಲೆಯದಿರಲಿ, ಹಾಸು ಮೆತ್ತಗೆ ಒಣಗಿರಲಿ. ಗರಿಕೆ, ಒಣಹುಲ್ಲು ಬಾಯಿಗೆ ಎಟಕುವಂತೆ ಇಡಿ. ಬಾಟಲಿ ಜೊತೆಗೆ ತಗ್ಗಾದ ಬಟ್ಟಲಲ್ಲೂ ನೀರಿಡಿ. ಗಿನಿಪಿಗ್ ಒಂಟಿಯಾದರೆ ಮಂಕಾಗುತ್ತದೆ. ಹಾಗಾಗಿ ಜೊತೆಗಾರನನ್ನು ಜಾಲರಿಯ ಆಚೆ ಕಾಣುವಂತೆ ಬಿಡಿ.

ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಕ ಮಾಡಿ ಮೊಬೈಲಲ್ಲಿ ಬರೆದಿಡಿ, ಹಿಕ್ಕೆಯ ಫೋಟೋ ತೆಗೆದಿಡಿ. ಡಾಕ್ಟರಿಗೆ ಇದು ಬಹಳ ಉಪಯೋಗ. ತಾನಾಗಿ ತಿನ್ನದಿದ್ದರೆ ಪೆಲೆಟ್ ನೆನೆಸಿ ತೆಳ್ಳಗೆ ಅರೆದು, ಸೂಜಿ ತೆಗೆದ 1 ಮಿ.ಲೀ. ಸಿರಿಂಜಿನಿಂದ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕೊಡಿ. ಹೊಟ್ಟೆ ಉಬ್ಬಿದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಏನೂ ತಿನ್ನಿಸಬೇಡಿ.

ಆಸ್ಪತ್ರೆಗೆ ಹೋಗುವ ಮುಂಚೆ ಫೋನ್ ಮಾಡಿ, ಗಿನಿಪಿಗ್ ನೋಡುತ್ತಾರಾ, ಎಕ್ಸ್‌ರೇ ಇದೆಯಾ ಕೇಳಿ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲೂ ವಿಚಾರಿಸಬಹುದು. ಕೆಲವು ಮುರಿತ ಬರೀ ವಿಶ್ರಾಂತಿಯಿಂದಲೇ ಕೂಡುತ್ತದೆ. ಕಾಲು ತೆಗೆಯಬೇಕೆಂದರೂ ಎದೆಗುಂದಬೇಡಿ, ಮೂರು ಕಾಲಲ್ಲೂ ಗಿನಿಪಿಗ್ ಚೆನ್ನಾಗಿ ಬಾಳುತ್ತದೆ.

ಇವತ್ತು ಸಂಜೆಯೇ ಗೂಡಿನ ನೆಲ ಒಮ್ಮೆ ನೋಡಿ. ತಂತಿ ಜಾಲರಿ ಇದ್ದರೆ ಮೇಲೆ ಹಲಗೆ ಹಾಸಿ, ನೂಲು ಬಿಟ್ಟ ಗೋಣಿ ತೆಗೆದುಬಿಡಿ. ಪುಟ್ಟ ಮಕ್ಕಳು ಗಿನಿಪಿಗ್ ಎತ್ತಿಕೊಳ್ಳೋದಾದರೆ ನೆಲದ ಮೇಲೆ ಕೂತೇ ಎತ್ತಿಕೊಳ್ಳಲಿ.