ಬಾನೆಟ್ ಮೇಲಿನ ಲಾಂಛನ: ಬಿಸಿಲಿಗೆ ಜಗ್ಗಬಾರದು, ಬಡಿತಕ್ಕೆ ಬಗ್ಗಬೇಕು

ಹೈದರಾಬಾದಿನ ಚೌಮಹಲ್ಲಾ ಅರಮನೆಗೆ ಹೋದವರು ಒಂದು ಹಳದಿ ಕಾರಿನ ಎದುರು ನಿಲ್ಲದೆ ಮುಂದೆ ಹೋಗುವುದಿಲ್ಲ. 1912ರ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಅದು. ಹಿಂದಿನ ಸೀಟಿನ ಜಾಗದಲ್ಲಿ ಸಿಂಹಾಸನವೇ ಇದೆ. ಮಾಡಿಸಲು ಹೇಳಿದವರು ಆರನೇ ನಿಜಾಮ ಮಹಬೂಬ್ ಅಲಿ ಖಾನ್. 1911ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಕಾರು ಬಂದದ್ದು ಮಗ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿ. ಬೀದರ್, ಕಲಬುರಗಿ, ರಾಯಚೂರು ಆಗ ಅವರ ರಾಜ್ಯಕ್ಕೇ ಸೇರಿದ್ದವು.

ಕಾರಿನ ಮೇಲೆ ತನ್ನದೊಂದು ಗುರುತು ಇರಬೇಕೆಂಬ ಆಸೆ ಅರಸರಿಗಷ್ಟೇ ಇದ್ದದ್ದಲ್ಲ. ಇಂಗ್ಲೆಂಡಿನ ಮಾಲೀಕರು ತೋಚಿದ ಬೊಂಬೆಗಳನ್ನೆಲ್ಲ ಕಾರಿನ ಮೂತಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಇದು ಅಂದಗೆಡಿಸುತ್ತದೆಂದು ರೋಲ್ಸ್ ರಾಯ್ಸ್‌ನ ಕ್ಲಾಡ್ ಜಾನ್ಸನ್ ಅವರಿಗೆ ಅನ್ನಿಸಿತು. ಶಿಲ್ಪಿ ಚಾರ್ಲ್ಸ್ ಸೈಕ್ಸ್ ಅವರಿಂದ ಕಂಪನಿಯದೇ ಬೊಂಬೆ ಮಾಡಿಸಿದರು. ತೋಳು ಹಿಂದಕ್ಕೆ ಚಾಚಿ ಮುಂದಕ್ಕೆ ಬಾಗಿದ ‘ಸ್ಪಿರಿಟ್ ಆಫ್ ಎಕ್‌ಸ್ಟಸಿ’ ಹುಟ್ಟಿದ್ದು ಹೀಗೆ, 1911ರಲ್ಲಿ.

ಅದನ್ನು ಕೂರಿಸುವುದು ಆಗ ಸುಲಭವಿತ್ತು. ರೇಡಿಯೇಟರಿನ ಮುಚ್ಚಳ ಹೊರಗೇ ಇರುತ್ತಿತ್ತು. ನೀರು ತುಂಬಲು ತಿರುಗಿಸಿ ತೆಗೆಯುವ ಮುಚ್ಚಳದ ಮೇಲೇ ಬೊಂಬೆ ಇದ್ದರೆ ಬೇರೆ ತೂತು ಕೊರೆಯಬೇಕಿರಲಿಲ್ಲ. ಮುಂದೆ ಮುಚ್ಚಳ ಬಾನೆಟ್ಟಿನೊಳಗೆ ಸೇರಿತು. ಬೊಂಬೆ ಮಾತ್ರ ಹೊರಗುಳಿದು ಬೋಲ್ಟಿನ ಆಸರೆ ಪಡೆಯಿತು.

ಬೋಲ್ಟಿನ ಬಿಗಿತವೇ ಆಮೇಲೆ ತೊಂದರೆಯಾಯಿತು. ಅಡ್ಡ ಬಂದ ಪಾದಚಾರಿಗೆ ಚೂಪಾದ ಲೋಹ ಚುಚ್ಚುತ್ತದೆ. ಹೀಗಾಗಿ ವಿಶ್ವಸಂಸ್ಥೆಯ 26ನೇ ವಾಹನ ನಿಯಮದಲ್ಲಿ ಒಂದು ಷರತ್ತಿದೆ: 10 ಮಿ.ಮೀ.ಗಿಂತ ಹೆಚ್ಚು ಚಾಚಿಕೊಂಡ ಅಲಂಕಾರ, ಸುಮಾರು 10 ಕೆ.ಜಿ. ಭಾರದಷ್ಟು ಬಲ ಬಿದ್ದರೆ ಒಳಸೇರಬೇಕು, ಬಗ್ಗಬೇಕು ಇಲ್ಲವೇ ಕಳಚಬೇಕು. ಇಂದಿನ ರೋಲ್ಸ್ ರಾಯ್ಸ್ ಬೊಂಬೆ ಬಡಿತ ಬಿದ್ದೊಡನೆ ಒಳಗೆ ಇಳಿದುಬಿಡುತ್ತದೆ. ಮರ್ಸಿಡಿಸ್ ಬಾನೆಟ್ ಮೇಲಿನ ನಕ್ಷತ್ರ ಸ್ಪ್ರಿಂಗಿನ ಮೇಲೆ ಬಾಗುತ್ತದೆ.

ಕಾರ್ ಡೆಕೋರ್ ಅಂಗಡಿಗಳಲ್ಲಿ ಸಿಗುವ ಲಾಂಛನಗಳಿಗೆ ಈ ಯಂತ್ರವೇನೂ ಇಲ್ಲ. ಚಪ್ಪಟೆ ಪ್ಲಾಸ್ಟಿಕ್, ಮೇಲೆ ಕ್ರೋಮ್ ಹೊಳಪು, ಹಿಂದೆ ಡಬಲ್ ಟೇಪ್. ಅಕ್ಷರ, ಓಂ, ಹನುಮ, ಕಂಪನಿಯ ಬ್ಯಾಡ್ಜ್ ಎಲ್ಲವೂ ಟೇಪಿನ ಮೇಲೇ ನಿಂತಿವೆ. ಅದು ಯಾವ ಟೇಪ್ ಎಂಬುದರ ಮೇಲೆ ಉಳಿದದ್ದೆಲ್ಲ.

1980ರಲ್ಲಿ 3ಎಂ ಕಂಪನಿ ಅಕ್ರಿಲಿಕ್ ಫೋಮ್ ಟೇಪ್ ಒಂದನ್ನು ಮಾರುಕಟ್ಟೆಗೆ ತಂದಿತು. ಅದರ ಗುಣ ಅಂಟುವುದಷ್ಟೇ ಅಲ್ಲ, ಹಿಗ್ಗುವುದೂ ಹೌದು. ಹೈದರಾಬಾದಿನ ಮೇ ಬಿಸಿಲಿಗೆ ಈ ಗುಣ ಬೇಕೇ ಬೇಕು. ಎಬಿಎಸ್ ಪ್ಲಾಸ್ಟಿಕ್ ಕಾದಾಗ ಉಕ್ಕಿಗಿಂತ ಆರೇಳು ಪಟ್ಟು ಹೆಚ್ಚು ಹಿಗ್ಗುತ್ತದೆ. 10 ಸೆಂ.ಮೀ. ಉದ್ದದ ಬ್ಯಾಡ್ಜ್ ಬೆಳಗಿನಿಂದ ಮಧ್ಯಾಹ್ನಕ್ಕೆ 40 ಡಿಗ್ರಿ ಹೆಚ್ಚು ಕಾದರೆ ಕೆಳಗಿನ ತಗಡಿಗಿಂತ ಕಾಲು ಮಿಲಿಮೀಟರಿನಷ್ಟು ಹೆಚ್ಚು ಬೆಳೆಯುತ್ತದೆ; ಸಂಜೆ ಮತ್ತೆ ಕುಗ್ಗುತ್ತದೆ. ಒಣಗಿ ಗಾಜಿನಂತಾಗುವ ಸೂಪರ್ ಗ್ಲೂ ಈ ಎಳೆದಾಟಕ್ಕೆ ಬಿರುಕು ಬಿಡುತ್ತದೆ, ಪೇಂಟನ್ನೂ ಕೆಡಿಸುತ್ತದೆ. ಒಂದು ಮಿ.ಮೀ. ದಪ್ಪದ ಫೋಮ್ ಟೇಪ್ ಎರಡೂ ಕಡೆಗೆ ಜಾರಿ ಹೊಂದಿಕೊಳ್ಳುತ್ತದೆ. ಸ್ಕ್ರೂ ಹಾಕಲು ತೂತು ಕೊರೆದರೆ ಪೇಂಟ್ ಒಡೆದ ಜಾಗದಿಂದಲೇ ತುಕ್ಕು ಹಿಡಿಯುತ್ತದೆ.

ಟೇಪ್ ಒಳ್ಳೆಯದಿದ್ದರೂ ಆತುರಪಟ್ಟರೆ ನಿಲ್ಲದು. ವ್ಯಾಕ್ಸ್, ಪಾಲಿಶ್‌ಗಳ ತೆಳುಪದರ ಅಂಟಿನ ಶತ್ರು. ಮೊದಲು ಸೋಪುನೀರಿನಿಂದ ತೊಳೆದು, ಒಣಗಿದ ಮೇಲೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಬೇಕು. ಅಂಟಿಸುವಾಗ ತಗಡು 21ರಿಂದ 38 ಡಿಗ್ರಿ ಒಳಗಿದ್ದರೆ ಒಳ್ಳೆಯದು. ಬೇಸಿಗೆಯಲ್ಲಿ ಅಂದರೆ ಬೆಳಗಿನ ಹೊತ್ತು, ನೆರಳಲ್ಲಿ. ಜಾಗ ತಪ್ಪದಂತೆ ಮಾಸ್ಕಿಂಗ್ ಟೇಪಿನಿಂದ ಗುರುತು ಮಾಡಿಕೊಂಡು, ಚದರ ಸೆಂ.ಮೀ.ಗೆ ಸುಮಾರು ಒಂದು ಕೆ.ಜಿ. ಭಾರ ಬೀಳುವಂತೆ ಬ್ಯಾಡ್ಜಿನ ಪ್ರತಿ ಭಾಗವನ್ನೂ ಒತ್ತಬೇಕು. 20 ನಿಮಿಷಕ್ಕೆ ಅರ್ಧದಷ್ಟು ಬಲ ಬರುತ್ತದೆ, ಒಂದು ದಿನಕ್ಕೆ ಶೇ. 90, ಪೂರ್ತಿಯಾಗಲು 72 ಗಂಟೆ. ಅಲ್ಲಿಯವರೆಗೆ ವಾಟರ್ ವಾಶ್ ಬೇಡ.

ಬೇಡವಾದಾಗ ಚಾಕು, ಸ್ಕ್ರೂಡ್ರೈವರ್ ಹಾಕಿ ಮೀಟುವುದೂ ಬೇಡ. ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿ ಮಾಡಿ, ಮೀನಿನ ಗಾಳದ ನೈಲಾನ್ ದಾರವನ್ನು ಬ್ಯಾಡ್ಜಿನ ಹಿಂದೆ ಗರಗಸದಂತೆ ಎಳೆದರೆ ಫೋಮ್ ಕತ್ತರಿಸಿ ಬರುತ್ತದೆ.

ಅಂಟಿಸಲೇಬಾರದ ಜಾಗಗಳೂ ಇವೆ. ನಂಬರ್ ಪ್ಲೇಟಿನ ಮೇಲೆ ಚಿತ್ರ, ಹೆಸರುಗಳಿಗೆ ಅವಕಾಶವಿಲ್ಲ. ಅಶೋಕ ಸ್ತಂಭದ ಸಿಂಹಗಳನ್ನು ಅಧಿಕಾರವಿಲ್ಲದವರು ಕಾರಿಗೆ ಹಾಕಿಕೊಳ್ಳುವುದನ್ನು 2005ರ ಕಾಯ್ದೆ ತಡೆಯುತ್ತದೆ. ಇವೆರಡೂ ದಂಡದ ಮಾತು. ಸ್ಟಿಯರಿಂಗ್ ನಡುಭಾಗದ್ದು ಪ್ರಾಣದ ಮಾತು. ಅಲ್ಲಿ ಹೊಳೆಯುವ ಕಲ್ಲಿನ ಲಾಂಛನ ಅಂಟಿಸುವ ಫ್ಯಾಷನ್ ಕುರಿತು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2024ರಲ್ಲಿ ಎಚ್ಚರಿಕೆ ಕೊಟ್ಟಿತು. ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಲಾಂಛನ ಸಿಡಿದು ಚಾಲಕರೊಬ್ಬರು ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದರು. ಭಾರತದಲ್ಲಿ 2019ರ ಜುಲೈನಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ಪಕ್ಕದ ಸೀಟಿನ ಏರ್‌ಬ್ಯಾಗ್ ಡ್ಯಾಶ್‌ಬೋರ್ಡಿನೊಳಗೆ ಇರುತ್ತದೆ. ಗಣಪನನ್ನು ಕೂರಿಸುವವರು ‘ಏರ್‌ಬ್ಯಾಗ್’ ಎಂಬ ಅಚ್ಚು ಎಲ್ಲಿದೆಯೆಂದು ನೋಡಿಕೊಂಡು, ಅದರ ಮುಚ್ಚಳ ಬಿಟ್ಟು ಬೇರೆ ಕಡೆ ಕೂರಿಸಬೇಕು.