ಎಂಜಿನ್ನಿನ ‘ಟಿಕ್’ ಧ್ವನಿಯೂ ಅದರ ನಿದಾನವೂ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ರಾಜಾಜಿನಗರದ ಕೈಗಾರಿಕಾ ಪ್ರದೇಶದಿಂದ ಮೊದಲುಗೊಂಡು ವಿಜಯನಗರ, ಬಸವೇಶ್ವರನಗರಗಳ ಅಡ್ಡರಸ್ತೆಗಳವರೆಗೆ ಹರಡಿರುವ ಮೋಟಾರು ದುರಸ್ತಿಯ ಅಂಗಡಿಗಳಲ್ಲಿ ‘ಟ್ಯಾಪೆಟ್ ಸದ್ದು’ ಎಂಬ ಮಾತು ಬಹಳ ಬಳಕೆಯಲ್ಲಿದೆ. ಕಾರು ನಿಂತಿದ್ದು ಎಂಜಿನ್ನು ಮಂದಗತಿಯಲ್ಲಿ ತಿರುಗುತ್ತಿರುವಾಗ, ಹೊಲಿಗೆಯ ಯಂತ್ರವನ್ನು ನೆನಪಿಗೆ ತರುವ ‘ಟಿಕ್ ಟಿಕ್’ ಧ್ವನಿ ಕೇಳಿಬಂದರೆ ಅದಕ್ಕೆ ಈ ಹೆಸರನ್ನು ಕೊಡುವುದು ರೂಢಿ. ಹೆಸರು ದೊರೆತೊಡನೆ ಕಾರಣವೂ ದೊರೆತಂತಾಗಿ, ಟ್ಯಾಪೆಟ್ಟುಗಳನ್ನು ಬದಲಾಯಿಸುವ ಕೆಲಸ ಮೊದಲಾಗುತ್ತದೆ. ಕ್ರೀಡಾಕಾರುಗಳ ವಿಷಯದಲ್ಲಿ ಈ ಆತುರಕ್ಕೆ ತೆರಬೇಕಾದ ಬೆಲೆ ಹೆಚ್ಚು. ಅವುಗಳ ಬಿಡಿಭಾಗಗಳು ದುಬಾರಿಯಾದುವು. ಕೆಲವುಗಳಲ್ಲಿ ಎಂಜಿನ್ನನ್ನೇ ಕೆಳಗಿಳಿಸದೆ ಟ್ಯಾಪೆಟ್ಟನ್ನು ಮುಟ್ಟುವಂತಿಲ್ಲ. ಅದಕ್ಕಿಂತ ಮುಖ್ಯವಾದುದೆಂದರೆ, ಒಂದೇ ಬಗೆಯದಾಗಿ ಕೇಳುವ ಈ ಧ್ವನಿಯ ಹಿಂದೆ ಯಂತ್ರದ ಸಹಜವ್ಯಾಪಾರವೂ ಇರಬಹುದು, ಎಂಜಿನ್ನಿನ ಆಯುಸ್ಸನ್ನೇ ಮುಗಿಸುವ ಕೇಡೂ ಇರಬಹುದು.

ಈ ಹೆಸರು ನೆಲೆಗೊಂಡುದಕ್ಕೆ ಚಾರಿತ್ರಿಕ ಕಾರಣವುಂಟು. ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳೇ ಎಲ್ಲೆಲ್ಲಿಯೂ ಓಡಾಡುತ್ತಿದ್ದ ದಶಕಗಳಲ್ಲಿ, ಕವಾಟದ ತುದಿಗೂ ಅದನ್ನು ಒತ್ತುವ ಸನ್ನೆಗೂ ನಡುವೆ ಬಿಡಬೇಕಾದ ಸೂಕ್ಷ್ಮವಾದ ಅಂತರವನ್ನು ತೆಳುತಗಡಿನ ಅಳತೆಪಟ್ಟಿಯಿಂದ ಆಗಾಗ ಸರಿಪಡಿಸಬೇಕಾಗಿತ್ತು. ಅಂತರ ಹೆಚ್ಚಿದರೆ ಸನ್ನೆಯು ಕವಾಟವನ್ನು ಬಡಿಯುವುದು. ಆ ಬಡಿತವೇ ಟಿಕ್ ಧ್ವನಿ. ಆ ಎಂಜಿನ್ನುಗಳ ಮಟ್ಟಿಗೆ ಹೆಸರು ಅನ್ವರ್ಥವಾಗಿತ್ತು. ಅಂಬಾಸಡರಿನ 1489 ಘನ ಸೆಂಟಿಮೀಟರಿನ ಎಂಜಿನ್ನು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ಶ್ರೇಣಿಗೆ ಸೇರಿದುದು. 1955ರಲ್ಲಿ ಹೊರಬಂದ ಎಂ.ಜಿ.ಎ. ಎಂಬ ಪ್ರಸಿದ್ಧ ಕ್ರೀಡಾಕಾರಿನಲ್ಲಿಯೂ ಮೊದಲು ಅದೇ ಶ್ರೇಣಿಯ, ಅದೇ ಗಾತ್ರದ ಎಂಜಿನ್ನೇ ಇದ್ದಿತು. ಆದುದರಿಂದ ಅಂಬಾಸಡರಿನಲ್ಲಿ ಪಳಗಿದ ಕಿವಿ ಆ ಕಾಲದ ಕ್ರೀಡಾಕಾರಿಗೂ ಸಾಲುತ್ತಿತ್ತು. ಇದಕ್ಕೆ ವ್ಯತಿರಿಕ್ತವಾಗಿ, ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳದು ಎರಡು ಹೊಡೆತದ ಎಂಜಿನ್ನು. ಅದರಲ್ಲಿ ಅಂತಹ ಕವಾಟಗಳೂ ಇಲ್ಲ, ಟ್ಯಾಪೆಟ್ಟುಗಳೂ ಇಲ್ಲ. ಅಲ್ಲಿ ಈ ಹೆಸರಿಗೆ ಅರ್ಥವೇ ಇಲ್ಲ.

ಅನಂತರದ ಅನೇಕ ಎಂಜಿನ್ನುಗಳಲ್ಲಿ ಟ್ಯಾಪೆಟ್ಟಿನ ಒಡಲಿನೊಳಗೆ ಎಣ್ಣೆಯನ್ನು ತುಂಬಿ, ಅದರ ಒತ್ತಡದಿಂದಲೇ ಅಂತರವು ತಾನಾಗಿ ಮುಚ್ಚಿಹೋಗುವಂತೆ ಮಾಡಿದ್ದಾರೆ. ಇಲ್ಲಿ ಟ್ಯಾಪೆಟ್ಟು ಸದ್ದುಮಾಡಿದರೆ ಅದರೊಳಗೆ ಎಣ್ಣೆ ಸಾಲದೆಂದು ಅರ್ಥ. ಸಾಲದಿರುವುದಕ್ಕೆ ಟ್ಯಾಪೆಟ್ಟಿನ ಸವಕಳಿ ಕಾರಣವಾಗಬಹುದು. ಎಣ್ಣೆಯ ಮಟ್ಟ, ಪಂಪು, ಕಿರುಗಾಲುವೆಯಲ್ಲಿ ಕಟ್ಟಿದ ಕೆಸರು ಇವೂ ಕಾರಣವಾಗಬಹುದು.

ಆಯುರ್ವೇದದಲ್ಲಿ ರೋಗನಿರ್ಣಯಕ್ಕೆ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂದು ಐದು ಸಾಧನಗಳನ್ನು ಹೇಳಿದೆ. ಇವುಗಳಲ್ಲಿ ಉಪಶಯವೆಂಬುದು ಪ್ರಕೃತಕ್ಕೆ ಬಹಳ ಉಪಯುಕ್ತವಾದುದು. ಲಕ್ಷಣಗಳು ಗೂಢವಾಗಿರುವಾಗ, ಯಾವುದರಿಂದ ಬಾಧೆ ತಗ್ಗುತ್ತದೆ, ಯಾವುದರಿಂದ ಹೆಚ್ಚುತ್ತದೆ ಎಂಬುದನ್ನು ನೋಡಿ ರೋಗವನ್ನು ಗುರುತಿಸುವ ಕ್ರಮವದು. ಬಂದುಹೋಗುವ ಧ್ವನಿಯನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಸದ್ದು ಹೇಗಿದೆ ಎಂಬುದಕ್ಕಿಂತ ಅದು ಯಾವಾಗ ಬಂದಿತು, ಯಾವಾಗ ಅಡಗಿತು ಎಂಬುದೇ ಹೆಚ್ಚಿನ ಸಂಗತಿಯನ್ನು ತಿಳಿಸುತ್ತದೆ.

ಮೊದಲು ವೇಗವನ್ನು ನೋಡಬೇಕು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗಿದರೆ ಕ್ಯಾಮ್ ದಂಡ ಒಂದು ಸುತ್ತು ತಿರುಗುತ್ತದೆ. ಮಂದಗತಿಯಲ್ಲಿ ನಿಮಿಷಕ್ಕೆ 800 ಸುತ್ತುಗಳಾದರೆ ಒಂದೊಂದು ಕವಾಟವೂ 400 ಸಲ, ಎಂದರೆ ಸೆಕೆಂಡಿಗೆ ಆರೇಳು ಸಲ, ತೆರೆಯುತ್ತದೆ. ದುರದೃಷ್ಟವಶಾತ್, ಇಂಧನವನ್ನು ಸಿಂಪಡಿಸುವ ಇಂಜೆಕ್ಟರೂ ಸಾಮಾನ್ಯವಾಗಿ ಅಷ್ಟೇ ಸಲ ಮಿಡಿಯುತ್ತದೆ. ಹೊಗೆಕೊಳವೆಯ ಬೆಸುಗೆ ಸಡಿಲವಾಗಿದ್ದರೆ ಒಂದು ಸಿಲಿಂಡರಿನ ಅನಿಲವೂ ಅಷ್ಟೇ ಸಲ ಹೊರಚಿಮ್ಮುತ್ತದೆ. ಹೀಗಾಗಿ ಎಣಿಕೆಯೊಂದರಿಂದಲೇ ತೀರ್ಮಾನವಾಗದು. ಆದರೆ ವೇಗವನ್ನು ಏರಿಸಿದರೂ ಟಿಕ್ ಧ್ವನಿಯ ಗತಿ ಬದಲಾಗದಿದ್ದರೆ ಅದು ಎಂಜಿನ್ನಿನ ಒಡಲಿನದಲ್ಲವೆಂದು ಹೇಳಬಹುದು. ಇಂತಹ ಸಂದರ್ಭದಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು, ಪೆಟ್ರೋಲ್ ತೊಟ್ಟಿಯ ಆವಿಯನ್ನು ಎಂಜಿನ್ನಿಗೆ ಸಾಗಿಸುವ ವಿದ್ಯುತ್ಕವಾಟ. ಎಂಜಿನ್ನು ಬಿಸಿಯಾದ ಬಳಿಕ ಅದು ತನ್ನ ಪಾಡಿಗೆ ಕೆಲವು ಕಾಲ ಮಿಡಿದು, ಕೆಲವು ಕಾಲ ಸುಮ್ಮನಿರುತ್ತದೆ. ಅದರ ತಂತಿಯನ್ನು ಕಳಚಿದೊಡನೆ ಧ್ವನಿ ನಿಂತರೆ ಶಂಕೆ ಪರಿಹಾರವಾದಂತೆಯೇ. ಈ ಪುಟ್ಟ ಕವಾಟದ ದೆಸೆಯಿಂದ ಎಂಜಿನ್ನನ್ನೇ ಬಿಚ್ಚಿಸಿಕೊಂಡರೆ ಅದು ವಿಷಾದದ ಸಂಗತಿ.

ಇನ್ನು ಉಷ್ಣತೆ. ಶೀತದೇಶಗಳಲ್ಲಿ ಬೆಳಗಿನ ಟಿಕ್ ಧ್ವನಿಗೆ ಹಿಮವನ್ನು ಕಾರಣವಾಗಿ ಹೇಳುವುದುಂಟು. ಬೆಂಗಳೂರಿನಲ್ಲಿ ಚಳಿಗಾಲದ ಮುಂಜಾನೆಯ ಉಷ್ಣಮಾನ 15 ಡಿಗ್ರಿಯ ಆಸುಪಾಸಿಗೆ ಇಳಿದರೆ ಅದೇ ಹೆಚ್ಚು. ಅದರಿಂದ ಎಣ್ಣೆಗೆ ಅಷ್ಟೇನೂ ತೊಡಕಿಲ್ಲ. ಇಲ್ಲಿಯ ಕಾರಣ ಬೇರೆ. ಕ್ರೀಡಾಕಾರು ವಾರವೆಲ್ಲ ಮನೆಯ ಮುಂದೆ ನಿಂತು ಭಾನುವಾರ ಮಾತ್ರ ಹೊರಡುತ್ತದೆ. ಅಷ್ಟರಲ್ಲಿ ಟ್ಯಾಪೆಟ್ಟುಗಳ ಎಣ್ಣೆ ಸೋರಿ ಕೆಳಗಿಳಿದಿರುತ್ತದೆ. ಆಗ ಕೇಳಿಬಂದು ಕೆಲವು ನಿಮಿಷಗಳಲ್ಲಿ ಅಡಗುವ ಸದ್ದಿಗೆ ಗಾಬರಿಯಾಗಬೇಕಾದುದಿಲ್ಲ. ಹೊಗೆಕೊಳವೆಯ ಬಿರುಕೂ ತಣ್ಣಗಿರುವಾಗ ಸದ್ದುಮಾಡಿ, ಲೋಹ ಕಾದು ಹಿಗ್ಗಿದ ಮೇಲೆ ಮುಚ್ಚಿಕೊಂಡು ಸುಮ್ಮನಾಗುತ್ತದೆ. ಎರಡಕ್ಕೂ ಭೇದವಿಷ್ಟೆ: ಬಿರುಕಿನ ಧ್ವನಿ ಎಂಜಿನ್ನಿಗೆ ಭಾರ ಬಿದ್ದಾಗ ಜೋರಾಗುತ್ತದೆ, ಸಂದಿನ ಬಳಿ ಮಸಿಯ ಗೆರೆಯೂ ಕಾಣುತ್ತದೆ.

ಇದರ ಪ್ರತಿರೂಪವಾದ ಇನ್ನೊಂದು ಬಗೆಯುಂಟು. ಕೆಂಗೇರಿಯಿಂದ ಹೊರಟ ಕಾರು ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿಯ ದಟ್ಟಣೆಯನ್ನು ದಾಟಿ, ವಿಜಯನಗರದ ಮೂಲಕ ಕಾರ್ಡ್ ರಸ್ತೆಯನ್ನು ಹಿಡಿದು ರಾಜಾಜಿನಗರವನ್ನು ಸೇರುವ ಹೊತ್ತಿಗೆ ಬಹಳ ಕಾಲವನ್ನು ನಿಂತೇ ಕಳೆದಿರುತ್ತದೆ. ಹೊರಡುವಾಗ ಮೌನವಾಗಿದ್ದ ಎಂಜಿನ್ನು ಅಲ್ಲಿಗೆ ಬಂದಾಗ ಟಿಕ್ ಎನ್ನತೊಡಗಿದರೆ ಅದನ್ನು ಲಘುವಾಗಿ ಎಣಿಸಕೂಡದು. ಕಾದ ಎಣ್ಣೆ ತೆಳುವಾಗುತ್ತದೆ; ಮಂದಗತಿಯಲ್ಲಿ ಪಂಪು ಒದಗಿಸುವ ಒತ್ತಡವೂ ಕನಿಷ್ಠವಾಗಿರುತ್ತದೆ; ಸವೆದ ಭಾಗಗಳ ಸಂದುಗಳು ಬಯಲಾಗುವುದು ಆಗಲೇ. ಮೊದಲು ಎಣ್ಣೆಯ ಮಟ್ಟವನ್ನು ಕಡ್ಡಿಯಿಂದ ನೋಡಿ, ಆಮೇಲೆ ಒತ್ತಡವನ್ನು ಮಾಪಕದಿಂದ ಅಳೆಯಬೇಕು. ದಪ್ಪನೆಯ ಎಣ್ಣೆಯನ್ನು ತುಂಬಿ ಸದ್ದನ್ನು ಅಡಗಿಸುವವರಿದ್ದಾರೆ. ಅದು ಚಿಕಿತ್ಸೆಯಲ್ಲ, ಸಾಕ್ಷಿಯ ಬಾಯಿ ಮುಚ್ಚಿಸಿದಂತೆ.

ಸ್ಥಳನಿರ್ಣಯಕ್ಕೆ ಬರಿಯ ಕಿವಿ ಸಾಲದು. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸಿದರೆ ಉಕ್ಕಿನಲ್ಲಿ ಸುಮಾರು 5000 ಮೀಟರು ಚಲಿಸುತ್ತದೆ. ಒಂದು ಮೂಲೆಯ ಬಡಿತ ಎಂಜಿನ್ನಿನ ಮೈಯೆಲ್ಲ ತತ್‌ಕ್ಷಣವೇ ಹಬ್ಬುವುದರಿಂದ ಎಲ್ಲಿ ಕೇಳಿದರೂ ಅಲ್ಲೇ ಇದ್ದಂತೆ ತೋರುತ್ತದೆ. 1816ರಲ್ಲಿ ಫ್ರಾನ್ಸಿನ ಲೆನೆಕ್ ಎಂಬ ವೈದ್ಯನು ಕಂಡುಹಿಡಿದ ಸ್ಟೆತಸ್ಕೋಪಿಗೆ ಉಕ್ಕಿನ ಕಡ್ಡಿಯನ್ನು ಜೋಡಿಸಿ, ಅಲ್ಲಲ್ಲಿ ಒತ್ತಿ, ಧ್ವನಿಯು ಅತ್ಯಂತ ತೀಕ್ಷ್ಣವಾಗಿರುವ ಎಡೆಯನ್ನು ಹುಡುಕಬೇಕು. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಗೆ ಕಿವಿಗೊಡುವ ಹಳೆಯ ಮೇಸ್ತ್ರಿಗಳ ಪದ್ಧತಿಯೂ ಇದೇ ತತ್ತ್ವದ್ದು. ಬಳಿಕ ಒಂದೊಂದಾಗಿ ಇಂಜೆಕ್ಟರುಗಳ ತಂತಿಯನ್ನು ಕಳಚಿ ನೋಡುವುದು ಉಪಶಯದ ಉತ್ತಮ ಉದಾಹರಣೆ. ಧ್ವನಿ ಪೂರ್ತಿಯಾಗಿ ನಿಂತರೆ ಅದು ಬಹುಶಃ ಆ ಇಂಜೆಕ್ಟರಿನದೇ. ಏನೂ ಬದಲಾಗದಿದ್ದರೆ ಕವಾಟದ ಕಡೆಯದು. ಗಡುಸಾದ ಧ್ವನಿ ಕುಗ್ಗಿ ಮೆತ್ತಗಾದರೆ ಪಿಸ್ಟನ್ ಅಥವಾ ಅದರ ದಂಡದ ಬೇರಿಂಗನ್ನು ಸಂದೇಹಿಸಬೇಕು. ತಡೆಯಬೇಕಾದುದು ಇಂಧನವನ್ನೇ ಹೊರತು ಕಿಡಿಯನ್ನಲ್ಲ. ಕಿಡಿಯನ್ನು ತಡೆದರೆ ಉರಿಯದ ಪೆಟ್ರೋಲು ಹೊಗೆಶೋಧಕವನ್ನು ಸೇರಿ ಅದನ್ನು ಕೆಡಿಸುತ್ತದೆ.

ಸಂದೇಹ ಪಿಸ್ಟನ್ನಿನ ಕಡೆಗೆ ತಿರುಗಿದಾಗ ವಿಷಯ ಗಂಭೀರವಾಗುತ್ತದೆ. ಪೋರ್ಷೆ ಕಾರುಗಳಲ್ಲಿ 1996ರಿಂದ 2008ರವರೆಗೆ ಬಂದ, ಎಂ96 ಮತ್ತು ಎಂ97 ಎಂದು ಹೆಸರಾದ ಆರು ಸಿಲಿಂಡರುಗಳ ಎಂಜಿನ್ನುಗಳು ಇದಕ್ಕೆ ಒಳ್ಳೆಯ ನಿದರ್ಶನ. ಅವುಗಳ ಸಿಲಿಂಡರುಗಳು ಅಡ್ಡಲಾಗಿ ಮಲಗಿವೆ, ಟ್ಯಾಪೆಟ್ಟುಗಳು ಎಣ್ಣೆಯವು, ನಿಂತೆದ್ದ ಮೇಲಿನ ಕ್ಷಣಿಕವಾದ ಟಿಕ್ ಧ್ವನಿ ಅವುಗಳಿಗೆ ಸಹಜ. ಆದರೆ ಅದೇ ಎಂಜಿನ್ನುಗಳಲ್ಲಿ ಸಿಲಿಕಾನ್ ಬೆರೆತ ಅಲ್ಯೂಮಿನಿಯಮ್ಮಿನ ಸಿಲಿಂಡರುಗೋಡೆ ಗೀರುಬೀಳುವ ರೋಗವೂ ಉಂಟು; ಅದರ ಧ್ವನಿಯೂ ಟಿಕ್ ಎಂದೇ, ಕೇಳಿಸುವುದು ಮಾತ್ರ ಎಂಜಿನ್ನು ಚೆನ್ನಾಗಿ ಕಾದ ಮೇಲೆ. ಜೊತೆಗೆ ಎಣ್ಣೆಯ ಖರ್ಚು ಏರುತ್ತದೆ, ಹೊಗೆಕೊಳವೆಯ ಬಾಯಿಗೆ ಮಸಿ ಕಟ್ಟುತ್ತದೆ. ಇದನ್ನು ಟ್ಯಾಪೆಟ್ಟೆಂದು ಬಗೆದು ಹೊಸ ಟ್ಯಾಪೆಟ್ಟುಗಳನ್ನು ಹಾಕಿಸಿದವನಿಗೆ ಹಣವೂ ಹೋಗುವುದು, ಸದ್ದೂ ಉಳಿಯುವುದು. ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಸಣ್ಣ ಕ್ಯಾಮೆರಾವನ್ನು ಇಳಿಸಿ ಗೋಡೆಯನ್ನು ನೋಡುವುದು ವಾಡಿಕೆ; ಗೀರುಗಳು ಗೋಡೆಯ ಕೆಳತುದಿಯಲ್ಲಿಯೇ ಮೊದಲು ಮೂಡುವುದುಂಟಾದುದರಿಂದ, ಎಣ್ಣೆಯ ತೊಟ್ಟಿಯನ್ನು ಬಿಚ್ಚಿ ಕೆಳಗಿನಿಂದ ನೋಡಿದರೆ ನಿರ್ಣಯ ಹೆಚ್ಚು ಖಚಿತ. ಅಷ್ಟರ ಮೊದಲು, ಹಳೆಯ ಎಣ್ಣೆಶೋಧಕವನ್ನು ಕತ್ತರಿಸಿ ಅದರ ಕಾಗದದ ಮಡಿಕೆಗಳನ್ನು ಬಿಡಿಸಿ ನೋಡಲು ಹೆಚ್ಚು ಖರ್ಚೇನೂ ಇಲ್ಲ. ಉಕ್ಕಿನ ಚೂರುಗಳಿದ್ದರೆ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತವೆ. ಅಂಟದೆ ಉಳಿದ ಬೂದುಬಣ್ಣದ ಹೊಳಪು ಕಂಡರೆ, ಟ್ಯಾಪೆಟ್ಟುಗಳನ್ನು ತರಿಸುವುದನ್ನು ನಿಲ್ಲಿಸಿ ಕ್ಯಾಮೆರಾವನ್ನು ತರಿಸಬೇಕು.