ಬಳ್ಳಿಗಾವೆಯನ್ನು ನಡೆದೇ ನೋಡಬೇಕು

ಶಿರಾಳಕೊಪ್ಪದ ಮಗ್ಗುಲಿನ ಬಳ್ಳಿಗಾವೆಗೆ ಬರುವ ಅನೇಕರು ಕೇದಾರೇಶ್ವರ ದೇವಸ್ಥಾನದ ಮುಂದೆ ಕಾರು ನಿಲ್ಲಿಸಿ, ಮೂರು ಗರ್ಭಗುಡಿಗಳನ್ನೂ ಶಿಖರದ ಕೆತ್ತನೆಯನ್ನೂ ನೋಡಿ ಹೊರಟುಬಿಡುತ್ತಾರೆ. ಗುಡಿ ಚೆಲುವಾದದ್ದೇ. ಆದರೆ ಅದೊಂದರಿಂದ ಊರು ತಿಳಿಯುವುದಿಲ್ಲ. ಇಂದಿನ ಈ ಹಳ್ಳಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿತ್ತು. ಕೇದಾರೇಶ್ವರಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಶಾಸನ ಬಣ್ಣಿಸುವಾಗ ವೇದ, ವ್ಯಾಕರಣ, ಯೋಗಗಳ ಜೊತೆಗೆ ಬೌದ್ಧ ದರ್ಶನದ ವ್ಯಾಖ್ಯಾನವೂ ಅಲ್ಲಿ ನಡೆಯುತ್ತಿತ್ತೆಂದು ಹೇಳುತ್ತದೆ. ಶೈವ ಮಠವೊಂದು ಅನ್ಯಮತವನ್ನು ಓದಲು ಜಾಗ ಕೊಟ್ಟಿತ್ತು ಎಂಬುದು ಸಣ್ಣ ಸಂಗತಿಯಲ್ಲ. ಕುರುಡರು, ಕುಂಟರು, ಕಿವುಡರು, ಕಥೆ ಹೇಳುವವರು, ಹಾಡುವವರು, ನಾನಾ ಪಂಥಗಳ ಭಿಕ್ಷುಕರು, ಎಲ್ಲರಿಗೂ ಅಲ್ಲಿ ಅನ್ನವಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಆಸರೆಯೂ ಔಷಧವೂ ಇದ್ದವು. ಇಷ್ಟು ಜನರನ್ನು ಸಾಕಿದ ಪಟ್ಟಣ ಎಷ್ಟು ದೊಡ್ಡದಿದ್ದೀತು ಎಂಬುದಕ್ಕೆ ಉತ್ತರ ಒಂದು ಗುಡಿಯ ಅಂಗಳದಲ್ಲಿ ಸಿಗದು. ಕೆರೆಯ ದಡದಿಂದ ಹಳ್ಳಿಯ ಕೇರಿಗಳನ್ನು ದಾಟಿ, 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಗಂಡಭೇರುಂಡ ಸ್ತಂಭದ ಬುಡಕ್ಕೆ, ಅಲ್ಲಿಂದ ಜಾಲಂದ್ರದ ಕೆತ್ತನೆಗೆ ಹೆಸರಾದ ತ್ರಿಪುರಾಂತಕೇಶ್ವರಕ್ಕೆ ನಡೆದಾಗ ಮಾತ್ರ ಆ ವಿಸ್ತಾರ ಅರಿವಿಗೆ ಬರುತ್ತದೆ.

ಉಳಿದದ್ದೆಲ್ಲ ಹಾಳಾಗಿದೆ, ಬರಿಯ ಹೊಲ ತೋಟಗಳ ನಡುವೆ ನೋಡುವುದೇನು ಎಂದು ಕೇಳುವವರಿದ್ದಾರೆ. ಆ ಹೊಲಗಳೂ ಚರಿತ್ರೆಯ ಭಾಗವೇ. ಮಠ, ಗುಡಿ, ಬ್ರಹ್ಮಪುರಿಗಳು ಬದುಕಿದ್ದು ದತ್ತಿಯಾಗಿ ಬಂದ ಭೂಮಿಯಿಂದ. ಆ ಭೂಮಿ ಬೆಳೆದದ್ದು ಕೆರೆನೀರಿನಿಂದ. ಏರಿಯ ಮೇಲೆ ನಿಂತು ಕೆಳಗಿನ ಗದ್ದೆಗಳನ್ನು ನೋಡಿದರೆ ಶಾಸನಗಳ ಲೆಕ್ಕಾಚಾರ ಕಣ್ಣಿಗೆ ಕಟ್ಟುತ್ತದೆ. ಹತ್ತಿರದ ತಾಳಗುಂದವನ್ನೂ ಸೇರಿಸಿಕೊಂಡರೆ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಕಂಚಿಗೆ ಓದಲು ಹೋಗಿ, ಅವಮಾನಗೊಂಡು, ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ ಮಯೂರಶರ್ಮನ ವೃತ್ತಾಂತವನ್ನು ನಮಗೆ ಉಳಿಸಿಕೊಟ್ಟದ್ದು ಅಲ್ಲಿನ ಪ್ರಣವೇಶ್ವರ ಗುಡಿಯ ಮುಂದಿರುವ 5ನೇ ಶತಮಾನದ ಸ್ತಂಭಶಾಸನ.

ಜನ ಹೆಚ್ಚು ಓಡಾಡಿದರೆ ಬೆಳೆ ಹಾಳಾದೀತು, ಹಳ್ಳಿಯ ನೆಮ್ಮದಿ ಕೆಟ್ಟೀತು ಎಂಬ ಆಕ್ಷೇಪವನ್ನು ಮಾತ್ರ ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅವಸರದ ಕಾರುಗಳಿಂದ ಊರಿಗೆ ದೂಳಲ್ಲದೆ ಬೇರೇನೂ ದಕ್ಕುವುದಿಲ್ಲ. ನಿಧಾನವಾಗಿ ನಡೆಯುವವರು ಇಲ್ಲಿಯ ಹೋಟೆಲಿನಲ್ಲೇ ಉಂಡು, ಊರವರನ್ನೇ ದಾರಿ ಕೇಳುತ್ತಾರೆ. ಏರಿ ಮತ್ತು ಬಂಡಿದಾರಿ ಬಿಟ್ಟು ಹೊಲಕ್ಕೆ ಇಳಿಯಬಾರದು, ಅಷ್ಟೆ. ಸ್ಮಾರಕದಿಂದ ಸ್ಮಾರಕಕ್ಕೆ ದಾರಿ ತೋರುವ ಕನ್ನಡ ಫಲಕಗಳನ್ನೂ ಶಾಸನಗಳ ಸರಳ ಸಾರಾಂಶವನ್ನೂ ಒದಗಿಸುವುದು ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ದೊಡ್ಡ ಖರ್ಚಿನ ಕೆಲಸವಲ್ಲ. ಮಳೆಗಾಲ ಮುಗಿದ ಮೇಲೆ, ಕೆರೆ ತುಂಬಿರುವಾಗ ಹೋಗಿ; ಬಳ್ಳಿಗಾವೆಗೆಂದೇ ಇಡೀ ಒಂದು ಹಗಲು ಇಟ್ಟುಕೊಳ್ಳಿ.